ಬೋರಯ್ಯ ಕಟ್ಟಿದ ಉಸಿರು

ಕಡಲಲ್ಲಿ ಉಪ್ಪು ಎಷ್ಟಿದೆಯೋ ಈ ಕಥೆಯಲ್ಲಿ ನಿಜ ಅಷ್ಟಿದೆ. ಕೇಳಿ.

ಬಯಲುಸೀಮೆಯ ಒಂದು ಗುಡ್ಡದ ಮಠದಲ್ಲಿ ಬೋರಯ್ಯ ಎಂಬ ಶಿಷ್ಯನಿದ್ದ. ಉಸಿರು ಕಟ್ಟುವುದರಲ್ಲಿ ಅವನನ್ನು ಮೀರಿಸುವ ಗಂಡು ಆ ಸೀಮೆಯಲ್ಲಿರಲಿಲ್ಲ. ಒಲೆಯ ಮೇಲೆ ಹುರುಳಿ ಇಟ್ಟಾಗ ಉಸಿರು ಕಟ್ಟಿದನೆಂದರೆ, ಹುರುಳಿ ಬೆಂದು, ಕಟ್ಟು ಬಸಿದು, ಸಾರಿಗೆ ಒಗ್ಗರಣೆ ಬಿದ್ದು, ಊಟಕ್ಕೆ ಕರೆ ಬಂದ ಮೇಲೇ ಬಿಡುತ್ತಿದ್ದ.

ಇಷ್ಟು ಕಲಿತವನಿಗೆ ಮಠ ಸಣ್ಣದಾಯಿತು. ಬೆನ್ನಿಗೊಂದು ಚೀಲ ಏರಿಸಿ ಹೊರಟ.

ಗುರುಗಳು ಬಾಗಿಲಲ್ಲಿ ನಿಂತು ಕೂಗಿದರು. "ಬೋರಯ್ಯಾ, ಇನ್ನೊಂದು ಪಾಠ ಉಳಿದಿದೆಯಲ್ಲೋ!"

"ಬಂದ ಮೇಲೆ ಕಲೀತೀನಿ ಬುದ್ಧಿ" ಎಂದವನು ತಿರುಗಿಯೂ ನೋಡಲಿಲ್ಲ.

ರೈಲು ಹತ್ತಿದ, ಹಡಗು ಹತ್ತಿದ, ದ್ವೀಪ ದ್ವೀಪ ತಿರುಗಿದ. ಚೀಲವನ್ನೇ ದಿಂಬು ಮಾಡಿ ತೆಂಗಿನ ಮರದಡಿ ಮಲಗಿದ. ಒಂದು ದ್ವೀಪದಲ್ಲಿ ಏಡಿಗಳು ಆ ಚೀಲವನ್ನೇ ಹೊತ್ತೊಯ್ದವು; ಒಳಗಿನ ಅಂಗಿಗಳ ವಾಸನೆ ತಾಳಲಾರದೆ ಬೆಳಗಾಗುವುದರೊಳಗೆ ತಂದಿಟ್ಟವು. ಇನ್ನೊಂದರಲ್ಲಿ ಬಿಸಿಲು ಎಂಥದೆಂದರೆ, ಮರದ ನೆರಳೇ ಮಧ್ಯಾಹ್ನ ಎದ್ದು ಹೋಗಿ ನೀರಲ್ಲಿ ಕೂರುತ್ತಿತ್ತು.

ಹೋದಲ್ಲೆಲ್ಲ ಜನ ಸೇರಿಸಿ ಉಸಿರು ಕಟ್ಟಿ ತೋರಿಸಿದ. ನೋಡಿದವರು ಬೆರಳು ಕಚ್ಚಿಕೊಂಡರು.

ಕೊನೆಗೆ ಅಂಗೈಯಗಲದ ಒಂದು ದ್ವೀಪಕ್ಕೆ ಬಂದ. ಅಲ್ಲಿ ಶೇಸಮ್ಮ ಇದ್ದಳು. ಭಟ್ಕಳದ ಕಡೆಯ ಮೀನುಗಾರರ ಮಗಳು. ತಲೆಯೆಲ್ಲ ಬೆಳ್ಳಗೆ, ಬಾಯಲ್ಲಿ ಎಲೆಯಡಿಕೆಯ ಕವಳ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲ ತಳಕ್ಕೆ ಇಳಿಯುವ ವಿದ್ಯೆಯನ್ನು ಬಂದವರಿಗೆ ಕಲಿಸುತ್ತಿದ್ದಳು. ಅವಳು ಇಳಿದು ಬಂದರೆ ಮೀನುಗಳು ದಾರಿ ಬಿಟ್ಟು ನಿಲ್ಲುತ್ತಿದ್ದವು.

"ಅಮ್ಮಾ, ನನಗೂ ತಳ ತೋರಿಸಿ."

"ನಿಂಗೆ ಎಂತ ಬರ್ತದೆ?"

"ಉಸಿರು ಕಟ್ಟೋಕೆ ಬರುತ್ತೆ."

"ಅಯ್ಯೋ ದೇವ್ರೇ! ಅದನ್ನ ಆ ಚೀಲದಲ್ಲಿ ಇಟ್ಟು ಬಾ."

ಬೋರಯ್ಯನಿಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ಹೋದ.

ಸೊಂಟದುದ್ದ ನೀರಿನಲ್ಲಿ ನಿಲ್ಲಿಸಿ, ಅವನ ಬಾಯಿಗೆ ಗಾಳಿಯ ಕೊಳವೆ ಕೊಟ್ಟಳು. "ಉಸಿರಾಡ್ತಾ ಇರು. ಎಂತ ಬಂದ್ರೂ ನಿಲ್ಲಿಸ್ಬೇಡ. ಪಾಠ ಇಷ್ಟೇ."

ಬೋರಯ್ಯ ಕೊಳವೆ ತೆಗೆದು ನಕ್ಕ. "ಇದನ್ನ ಹುಟ್ಟಿದ ಕೂಸೂ ಮಾಡುತ್ತೆ ಅಮ್ಮಾ."

"ಹೌದು. ಅದಕ್ಕೇ ಕೂಸುಗಳು ನನ್ನ ಹತ್ರ ಕಲಿಲಿಕ್ಕೆ ಬರೂದಿಲ್ಲ."

ಕೆಲವು ದಿನ ಕಳೆದವು. ಆ ಕಡಲು ಎಷ್ಟು ತಿಳಿಯೆಂದರೆ, ದೋಣಿಯಿಂದ ಬಗ್ಗಿದರೆ ತಳದಲ್ಲಿ ಮೀನು ಆಕಳಿಸುವುದು ಕಾಣುತ್ತಿತ್ತು. ಒಂದು ದಿನ ಮೇಲೆ ಬಂದ ಬೋರಯ್ಯ ತನ್ನ ಸಿಲಿಂಡರಿನ ಗಾಳಿ ಅಳೆಯುವ ಮುಳ್ಳು ತೋರಿಸಿದ. ಶೇಸಮ್ಮನದಕ್ಕಿಂತ ಅವನದರಲ್ಲಿ ಗಾಳಿ ಹೆಚ್ಚು ಉಳಿದಿತ್ತು.

"ನೋಡಿ, ನಡುನಡುವೆ ಉಸಿರು ಕಟ್ಟಿ ಉಳಿಸಿದೆ!"

ಶೇಸಮ್ಮ ಕವಳ ಉಗಿದು ಮನೆಗೆ ಹೋದಳು.

ಮರುದಿನ ತಳದಲ್ಲಿ ಅವನನ್ನು ಮಂಡಿಯೂರಿ ಕೂರಿಸಿದಳು. ಅಂಗಿಯ ತೋಳಿನೊಳಗಿಂದ ಒಂದು ಕೆಂಪು ಬಲೂನು ತೆಗೆದು, ತನ್ನ ಕೊಳವೆಯ ಗಾಳಿಯನ್ನು ಅದಕ್ಕೆ ತುಂಬಿ, ಬಾಯಿ ಕಟ್ಟಿ ಕೈಬಿಟ್ಟಳು.

ಬಲೂನು ಮೇಲೇರಿತು. ಮಾವಿನಕಾಯಿಯಷ್ಟಿದ್ದದ್ದು ತೆಂಗಿನಕಾಯಿಯಷ್ಟಾಯಿತು. ತೆಂಗಿನಕಾಯಿ ಕುಂಬಳವಾಯಿತು. ಬೆಳಕಿನ ಹತ್ತಿರ ಹೋಗಿ ಒಡೆದು ಚೂರಾಯಿತು.

ದೋಣಿಗೆ ಬಂದ ಮೇಲೆ ಬೋರಯ್ಯ ಹೇಳಿದ. "ಹಳೇ ಬಲೂನು ಇರಬೇಕು ಅಮ್ಮಾ."

ಶೇಸಮ್ಮ ಅವನ ಎದೆಗೆ ಬೆರಳಿಂದ ತಟ್ಟಿದಳು. "ಇದು ಹೊಸದಾ?"

ಬೋರಯ್ಯನಿಗೆ ಅರ್ಥವಾಗಲಿಲ್ಲ. ಕೇಳಿದರೆ ಸಣ್ಣವನಾಗುತ್ತೇನೆಂದು ಕೇಳಲಿಲ್ಲ.

ಆಮೇಲೆ ಹವಳದ ಗೋಡೆಯ ಪಕ್ಕದಲ್ಲಿ ಇನ್ನಷ್ಟು ಕೆಳಗಿಳಿದರು. ಹಳದಿ ಮೀನು, ನೀಲಿ ಮೀನು, ಮದುವೆ ದಿಬ್ಬಣದ ಹಾಗೆ ಹೋಗುತ್ತಿದ್ದವು. ಬೋರಯ್ಯ ಮೈಮರೆತು ನೋಡುತ್ತಿದ್ದ.

ಆಗ ಗೋಡೆಯ ಹಿಂದಿನಿಂದ ಒಂದು ಮೀನು ಬಂತು. ನಮ್ಮ ಕಡೆಯ ಬಸ್ಸಿನಷ್ಟು. ಬಸ್ಸಿಗಾದರೂ ಕಂಡಕ್ಟರು ಇರುತ್ತಾನೆ, ಹೇಳಿದರೆ ನಿಲ್ಲಿಸುತ್ತಾನೆ. ಇದು ನೆಟ್ಟಗೆ ಬಂದು ಬೋರಯ್ಯನ ಮುಖದ ಮುಂದೆ ಬಾಯಿ ತೆರೆಯಿತು.

ಬೋರಯ್ಯನ ಮೈ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿತು. ಎದೆ ತುಂಬ ಎಳೆದುಕೊಂಡು, ಉಸಿರು ಕಟ್ಟಿತು.

ಮೀನು ಆಕಳಿಸಿ, ಅವನನ್ನು ದಾಟಿ ತನ್ನ ಪಾಡಿಗೆ ಹೋಯಿತು.

ಬೋರಯ್ಯ ಮೇಲೇಳತೊಡಗಿದ. ಕೈ ಆಡಿಸಲಿಲ್ಲ, ಕಾಲು ಒದೆಯಲಿಲ್ಲ. ತುಂಬಿದ ಎದೆಯೇ ಅವನನ್ನು ಎತ್ತಿತು. ಹವಳದ ಗೋಡೆ ಕೆಳಕೆಳಗೆ ಜಾರಿತು. ಎದೆಯೊಳಗಿನ ಗಾಳಿ ಹಿಗ್ಗಿತು, ಪಕ್ಕೆಲುಬು ಬಿಗಿದುಕೊಂಡಿತು.

ಕೆಂಪು ಬಲೂನು ನೆನಪಾಯಿತು. ಈಗ ಅರ್ಥವಾಯಿತು.

ಬಿಡಬೇಕು ಎಂದು ಗೊತ್ತಾಯಿತು. ಬಿಡಲು ಬರಲಿಲ್ಲ. ಕಷ್ಟಪಟ್ಟು ಕಲಿತ ವಿದ್ಯೆ ಗಂಟಲಿಗೆ ಅಗುಳಿ ಹಾಕಿ ಕೂತಿತ್ತು. ಮೇಲೆ ಬೆಳಕು ಹತ್ತಿರವಾಗುತ್ತಿತ್ತು.

ಯಾರೋ ಕಾಲು ಹಿಡಿದು ಎಳೆದರು. ಶೇಸಮ್ಮ! ಒಂದು ಕೈಯಲ್ಲಿ ಅವನ ಸೊಂಟದ ಪಟ್ಟಿ ಹಿಡಿದಳು. ಇನ್ನೊಂದು ಕೈಯನ್ನು ಅವನ ಕಂಕುಳಿಗೆ ಹಾಕಿ ಕಚಗುಳಿ ಇಟ್ಟಳು.

ಮಠದಲ್ಲಿ ಯಾರೂ ಅವನಿಗೆ ಕಚಗುಳಿ ಇಟ್ಟಿರಲಿಲ್ಲ.

ಬೋರಯ್ಯ ನಕ್ಕ. ಅಗುಳಿ ಕಳಚಿತು. ಉಕ್ಕಿದ ಹಾಲಿನ ಹಾಗೆ ಗುಳ್ಳೆಗಳು ಬುಳುಬುಳು ಹೊರಗೆ ಬಂದವು. ಮತ್ತೆ ಎಳೆದ, ಮತ್ತೆ ಬಿಟ್ಟ. ಎದೆ ಹಗುರಾಯಿತು. ಶೇಸಮ್ಮ ಅವನ ಪಟ್ಟಿ ಬಿಡದೆ, ಮೆಟ್ಟಿಲು ಹತ್ತಿಸುವಂತೆ ನಿಧಾನವಾಗಿ ಮೇಲಕ್ಕೆ ತಂದಳು.

ತಲೆ ನೀರಿನಿಂದ ಹೊರಬಂತು. ಆಕಾಶ ಇದ್ದಲ್ಲೇ ಇತ್ತು. ಬೋರಯ್ಯ ಅಂಗಾತ ತೇಲುತ್ತ ಅತ್ತ, ಅಳುತ್ತಲೇ ನಕ್ಕ.

"ಸತ್ತೇಹೋದೆ ಅಂದ್ಕೊಂಡೆ ಅಮ್ಮಾ! ಬಿಡೋಕೇ ಆಗ್ಲಿಲ್ಲ! ಸತ್ತೇಹೋದೆ ಅಂತಲೇ..."

"ಸತ್ತವ್ರು ಇಷ್ಟು ಮಾತಾಡೂದಿಲ್ಲ ಮಾರಾಯ. ದೋಣಿ ಹತ್ತು."

ದೋಣಿಯಲ್ಲಿ ಶೇಸಮ್ಮ ಎಳನೀರು ಕೆತ್ತಿ ಕೊಟ್ಟಳು. ಅಷ್ಟು ಸಿಹಿಯಾದ ಎಳನೀರನ್ನು ಅವನ ವಂಶದಲ್ಲೇ ಯಾರೂ ಕುಡಿದಿರಲಿಲ್ಲ.

ಅರ್ಧ ಕುಡಿದು ಬೋರಯ್ಯ ಹೇಳಿದ. "ನಮ್ಮ ಬುದ್ಧಿಯೋರು ಉಸಿರು ಎಳೆಯೋದು ಕಲಿಸಿದ್ರು, ಕಟ್ಟೋದು ಕಲಿಸಿದ್ರು. ಬಿಡೋ ಪಾಠ ಒಂದು ಉಳಿದಿತ್ತು. ಅದರಲ್ಲೇನು ಕಲಿಯೋದು ಅಂತ ಹೊರಟು ಬಂದುಬಿಟ್ಟೆ."

"ಹೌದಾ" ಎಂದಳು ಶೇಸಮ್ಮ. ಇನ್ನೊಂದು ಕವಳ ಕಟ್ಟತೊಡಗಿದಳು.

"ನನ್ನಂಥೋನನ್ನ ಇನ್ನೊಂದು ಸಲ ಕೆಳಗೆ ಕರ್ಕೊಂಡು ಹೋಗ್ತೀರಾ ಅಮ್ಮಾ?"

ಶೇಸಮ್ಮ ಎಲೆಯ ತೊಟ್ಟು ಮುರಿದಳು. ನಾರು ತೆಗೆದಳು. ಎಲೆಯ ಬೆನ್ನಿಗೆ ಸುಣ್ಣ ಸವರಿದಳು. ಅಡಿಕೆ ಇಟ್ಟು ಮಡಿಸಿದಳು.

ಬೋರಯ್ಯ ಎಳನೀರು ಹಿಡಿದುಕೊಂಡೇ ಅವಳ ಬಾಯನ್ನು ನೋಡುತ್ತ ಕಾದ.

ಅವಳು ಕವಳ ಬಾಯಿಗಿಟ್ಟು ಅವನತ್ತ ನೋಡಿದಳು.

"ಮೊದಲು ಆ ಉಸಿರು ಬಿಡು, ತಮ್ಮಾ."