ಒಂದೇ ನೊಗದ ಎರಡು ವಂಶಗಳು

ಕಂಬಳದ ಗದ್ದೆಯಲ್ಲಿ ನೊಗ ಹೊತ್ತು ನಿಂತಿದ್ದ ಕುಟ್ಟಿ ಎಂಬ ಕೋಣನಿಗೆ ಅದು ಮೊದಲ ಓಟ. ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಜೋಡಿ ಕೋಣ ಬೊಳ್ಳನಿಗೆ ಅವನೆಂದ: “ನಾನು ಯಮಧರ್ಮನ ವಾಹನದ ವಂಶದವನು. ನನ್ನ ಹೆಜ್ಜೆಗೆ ನೀನು ಹೆಜ್ಜೆ ಹಾಕು.”

“ಸಾಕು, ಸುಮ್ಮನಿರು! ನಾನು ಮಹಿಷಾಸುರನ ಕುಲ. ದೇವಿಯ ಎದುರು ನಿಂತ ಮನೆತನ ನಮ್ಮದು. ನೀನೇ ನನ್ನ ಹಿಂದೆ ಬಾ.”

ಇಬ್ಬರೂ ಒಂದೊಂದು ಕಡೆಗೆ ಎಳೆದರು. ನೊಗ ಕಿರ್ರೆಂದು ಗೊಣಗಿತು: “ಅಯ್ಯಾ ವಂಶಸ್ಥರೇ, ನಾನು ಮುರಿದರೆ ಇಬ್ಬರೂ ಸೀದಾ ಕೊಟ್ಟಿಗೆಗೆ!”

ಅಷ್ಟರಲ್ಲಿ ಓಟ ಶುರುವಾಗಿಯೇ ಬಿಟ್ಟಿತು. ಕುಟ್ಟಿ ಹಾರಿದ, ಬೊಳ್ಳನೂ ಹಾರಿದ. ಕೆಸರುನೀರು ಆಕಾಶಕ್ಕೆ ಚಿಮ್ಮಿತು, ಜನ ಹೋ ಎಂದರು. ಕುಟ್ಟಿಗೆ ಯಮನೂ ನೆನಪಿಲ್ಲ, ಮಹಿಷನೂ ನೆನಪಿಲ್ಲ. ತನ್ನ ಹೆಗಲಿಗೆ ತಾಗುತ್ತಿದ್ದ ಬೊಳ್ಳನ ಹೆಗಲಷ್ಟೇ ಗೊತ್ತು. ಅವರೇ ಗೆದ್ದರು.

ಮರುದಿನ ಇಬ್ಬರೂ ಕೆರೆಯಲ್ಲಿ ಮಲಗಿದ್ದಾಗ, ದಡದಲ್ಲಿ ಎಮ್ಮೆಯ ಕರುವೊಂದು ಎದೆಯುಬ್ಬಿಸಿ ಕೊಕ್ಕರೆಯನ್ನು ಗದರಿಸಿತು: “ದಾರಿ ಬಿಡು! ನಾನು ಕುಟ್ಟಿ-ಬೊಳ್ಳರ ವಂಶದವನು!”

ಬೊಳ್ಳ ಬೆರಗಾದ. “ಮಾರಾಯ, ನಾವು ಪುರಾಣವಾದದ್ದು ಯಾವಾಗ?”

ಕುಟ್ಟಿ ನಕ್ಕು ನಕ್ಕು ನೀರು ಕುಡಿದು ಕೆಮ್ಮಿದ. “ನಿನ್ನೆ ಮಧ್ಯಾಹ್ನ!”