ಕರಿಬಂಡೆಗೆ ಅಂಟಿದವರು

ನಂಬುವುದಿಲ್ಲ ಅನ್ನುವ ಗಂಡಸಿದ್ದರೆ ಈಗಲೇ ಎದ್ದು ಹೋಗಲಿ. ನಡುವೆ ಬಾಯಿ ಹಾಕಿದರೆ ಕೇಳುವವನಲ್ಲ ನಾನು.

ಕಡಲ ನಡುಗಡ್ಡೆಯ ರಾಣಿ ದಂಡೆಗುಂಟ ಡಂಗುರ ಸಾರಿಸಿದಳು: "ಕೇಳಿರಪ್ಪೋ ಕೇಳಿ! ಮೂರು ಒಗಟು ಬಿಡಿಸಿದವನು ಏನು ಕೇಳಿದರೂ ರಾಣಿ ಕೊಡುತ್ತಾಳೆ. ಒಂದು ತಪ್ಪಿದರೂ ಕರಿಬಂಡೆಗೆ ಅಂಟಿಸುತ್ತಾಳೆ!"

ಹೋದವರು ಯಾರೂ ತಿರುಗಿ ಬರಲಿಲ್ಲ. ಹೊಸ ದೋಣಿ ಕೇಳಿ ತರುತ್ತೇನೆಂದು ಹೋದ ಜಟ್ಟನೂ ಬರಲಿಲ್ಲ. ಆಗ ಅವನ ತಮ್ಮ ಕುಪ್ಪ, ದೋಣಿಗಳ ತಳ ಕೆರೆದು ಹೊಟ್ಟೆ ಹೊರೆಯುವವನು, ಎದ್ದು ಹೊರಟ. ಅತ್ತಿಗೆ ಅಡ್ಡ ನಿಂತಳು.

"ಇದ್ದೊಬ್ಬನೂ ಹೋದರೆ ನನ್ನ ಗತಿಯೇನೋ?"

"ಅತ್ತಿಗೇ, ನಿನ್ನ ಗಂಡನ್ನ ಹೆಗಲ ಮೇಲೆ ಹೊತ್ತು ತರ್ತೆ. ನೀ ಸುಮ್ನಿರು."

ಆಸ್ಥಾನದಲ್ಲಿ ಅವನ ಮುಂದೆ ಇಬ್ಬರು ನಿಂತಿದ್ದರು, ಮೊದಲನೆಯವನು ಪಾಳೆಯಗಾರನ ಮಗ. ಕುಪ್ಪನ ವಾಸನೆಗೆ ಮೂಗು ಮುಚ್ಚಿಕೊಂಡ. "ಮೀನು ಮಾರುವ ಜಾಗ ಅತ್ತ ಕಡೆ ಕಣೋ."

"ಗೊತ್ತುಂಟು ಒಡೆಯಾ. ಇವತ್ತು ಇಲ್ಲಿ ಯಾವ ಮೀನು ಬಲೆಗೆ ಬೀಳ್ತದೆ ಅಂತ ನೋಡಲಿಕ್ಕೆ ಬಂದೆ."

ರಾಣಿ ಕೇಳಿದಳು: "ಸಿಟ್ಟಿನಿಂದ ನಟ್ಟನಡುವೆ ಸೀಳಿ ಕಡಲಿಗೆ ಎಸೆದರು. ಸಾಯಬೇಕಾದವನು ಇಬ್ಬರಾಗಿ ಬಂದ. ಯಾರವನು?"

"ಹಾವು," ಎಂದ ಪಾಳೆಯಗಾರನ ಮಗ. ರಾಣಿ ಬೆರಳೆತ್ತಿದಳು. ಅವನು ನಿಂತಲ್ಲಿ ಪೇಟವೊಂದೇ ಉಳಿಯಿತು. ಮುಂದಿನವನು "ನೆರಳು" ಎಂದ. ಅವನ ಪೇಟವೂ ನೆಲಕ್ಕೆ ಬಿತ್ತು.

ಕುಪ್ಪ ಬಿದ್ದ ಪೇಟ ದಾಟಿ ಮುಂದೆ ಬಂದ. ಎದೆ ಸೆಟೆಸಿದ. "ನಕ್ಷತ್ರ ಮೀನು. ಸೀಳಿದ ಪಾಲೆರಡೂ ಕಳೆದ ಕೈ ಬೆಳೆಸಿಕೊಳ್ತವೆ. ಚಿಪ್ಪಿ ತಿಂತದೆ ಅಂತ ಹಾಗೆ ಎಸೆದ ದಡ್ಡರಲ್ಲಿ ನಮ್ಮಪ್ಪನೂ ಒಬ್ಬ."

"ಸರಿ," ಎಂದಳು ರಾಣಿ. "ಸೂರಿಗೆ ಮೊಗ್ಗಿನ ಮಾಲೆ ತೂಗಿ ಕಾದಳು. ಊಟ ಬಿಟ್ಟಳು, ಹೊಸಿಲು ದಾಟಲಿಲ್ಲ. ಮೊಗ್ಗು ಬಿರಿದ ಮೇಲೆ ಅವಳಿಲ್ಲ. ಯಾರವಳು?"

"ಆಕ್ಟೋಪಸ್. ಮಾಲೆಯೆಂದರೆ ಮೊಟ್ಟೆ. ನೀರೂದಿ ತೊಳೀತಾ ಕಾಯ್ತದೆ. ಮರಿ ಹೊರಟಿತು ಅಂದ್ರೆ ತಾಯಿಯ ಕತೆ ಮುಗೀತು."

ರಾಣಿ ಅವನ ಮುಖ ದಿಟ್ಟಿಸಿ ಜಟ್ಟನ ಹೋಲಿಕೆ ಗುರುತಿಸಿದಳು. ಆಮೇಲೆ, "ನಿನ್ನಣ್ಣ ಸೋತದ್ದು ಮೂರನೆಯದರಲ್ಲಿ," ಎಂದಳು. "ಎಳವೆಯಲ್ಲಿ ಕಡಲೆಲ್ಲ ಈಜಿದ. ಬೆಳೆಯಲೆಂದು ತಲೆಯೂರಿ ನಿಂತ, ಸುತ್ತ ಗೋಡೆ ಕಟ್ಟಿದ. ಈಗ ಕಾಲಿನಿಂದ ಉಣ್ಣುತ್ತಾನೆ."

ಕುಪ್ಪ ನಕ್ಕೇಬಿಟ್ಟ. "ದಿನಾ ಕೆರೆಯೋದು ಅದನ್ನೇ! ದೋಣಿಯ ತಳ ಕಚ್ಚುವ ಬಿಳಿ ಚಿಪ್ಪಿನ ಹುಳ. ಹೊಸ ದೋಣಿಗೂ ಬಂದು ಕೂರ್ತದೆ, ಈಜದೆ ಬಂದೀತೇ? ತಲೆ ಅಂಟಿಸಿ, ಕದ ತೆರೆದು, ಗರಿಯಂಥ ಕಾಲು ಬೀಸಿ ತಿನ್ನೋದನ್ನ ಬಾಚ್ತದೆ. ಒಮ್ಮೆ ಅಂಟಿತೋ, ಬ್ರಹ್ಮನೂ ಬಿಡಿಸಲಾರ. ನನ್ನ ಉಳಿಗೆ ಏಳ್ತದೆ, ಹೆಣವಾಗಿ!"

"ಮೂರೂ ಸರಿ. ಏನು ಬೇಕು?"

"ನನ್ನಣ್ಣ ಬೇಕು."

ರಾಣಿ ಅವನನ್ನು ಕರಿಬಂಡೆಗೆ ಕರೆದೊಯ್ದಳು. ಹೆಜ್ಜೆಯಿಡಲು ಜಾಗವಿಲ್ಲದಷ್ಟು ಬಿಳಿ ಚಿಪ್ಪು, ಒಂದೊಂದೂ ಸೋತವನೊಬ್ಬ. ನೀರು ಇಳಿದಿತ್ತು, ಕದಗಳೆಲ್ಲ ಮುಚ್ಚಿದ್ದವು.

"ಇದರಲ್ಲಿ ಅವನು ಯಾವುದು, ರಾಣಿಯಮ್ಮಾ?"

"ನಾನು ಅಂಟಿಸಬಲ್ಲೆ, ಬಿಡಿಸಲಾರೆ. ಗುರುತೂ ಇಟ್ಟಿಲ್ಲ. ಸಿಕ್ಕರೂ ಹೇಗೆ ಬಿಡಿಸುತ್ತೀಯ? ಬಿಡಿಸಿದರೆ ಏನಾಗುತ್ತದೆಂದು ಈಗಷ್ಟೇ ನೀನೇ ಹೇಳಿದೆ."

"ಜಟ್ಟಣ್ಣಾ!" ಕುಪ್ಪ ಮೊಣಕಾಲೂರಿ ಕೂಗಿದ. ಮತ್ತೆ ಕೂಗಿದ. ಯಾವ ಕದವೂ ತೆರೆಯಲಿಲ್ಲ. ಚಿಪ್ಪಿಗೆ ಉಜ್ಜಿ ಮೊಣಕಾಲಿನಿಂದ ರಕ್ತ ಇಳಿಯಿತು.

"ಹಾಗಾದರೆ ಈ ಬಂಡೆ ಕೊಡಿ," ಎಂದ ಕೊನೆಗೆ. "ಯಾರೂ ಇದರ ಮೇಲೆ ಉಳಿಯಿಡದಂತೆ ಕಾಯ್ತೆ."

"ಕೊಟ್ಟೆ," ಎಂದಳು ರಾಣಿ.

ಮೂರು ಒಗಟು ಬಿಡಿಸಿದ ಕುಪ್ಪನಿಗೆ ಸಿಕ್ಕಿದ್ದು ಆ ಬಂಡೆ.