ಡಂಕನ್ ಸಾಹೇಬನ ಬಿರುದು

ಚಿನ್ನದ ಗಣಿಯ ಊರಲ್ಲಿ ದೊರೆಗಳದ್ದೊಂದು ಕ್ಲಬ್ಬು. ಮುನಿಶಾಮಿ ಅಲ್ಲಿಯ ಬಟ್ಲರ್. ಕ್ಲಬ್ಬಿನ ಯಜಮಾನಿಕೆ ಸ್ಕಾಟ್ಲೆಂಡಿನ ಡಂಕನ್ ಸಾಹೇಬನದು. ಸೋಡಾ ತಡವಾದರೂ, ಬೇಗ ಬಂದರೂ ಅವನು ಮುನಿಶಾಮಿಯನ್ನು "ಗೌಕ್" ಎಂದೇ ಕರೆಯುತ್ತಿದ್ದ. ಅವನ ಸೀಮೆಯಲ್ಲಿ ಹಾಗೆಂದರೆ ಪೆದ್ದ. ಅದು ಮುನಿಶಾಮಿಗೆ ಗೊತ್ತಿತ್ತು. ಸಿಟ್ಟು ಮಾಡಿದರೆ ಕೆಲಸ ಹೋಗುತ್ತದೆಂಬುದೂ ಗೊತ್ತಿತ್ತು.

ಒಂದು ದಿನ ಕೈಕಟ್ಟಿ ಕೇಳಿದ, "ಗೌಕ್ ಅಂದರೇನು ದೊರೆ?"

ಸಾಹೇಬ ಗೆಳೆಯರತ್ತ ಕಣ್ಣು ಹೊಡೆದ. "ನಮ್ಮ ಕಡೆ ದೊಡ್ಡ ಮನುಷ್ಯರಿಗೆ ಕೊಡುವ ಬಿರುದು."

"ತಿಳಿಸಿದ್ದು ಉಪಕಾರವಾಯಿತು" ಎಂದ ಮುನಿಶಾಮಿ.

ಆ ಶನಿವಾರ ಗಣಿಯ ದೊಡ್ಡ ದೊರೆಗೆ ಔತಣ. ಅವನೂ ಸ್ಕಾಟ್ಲೆಂಡಿನವನೇ. ಬಂದವರ ಹೆಸರನ್ನು ಬಾಗಿಲಲ್ಲಿ ಕೂಗಿ ಹೇಳುವುದು ಬಟ್ಲರನ ಕೆಲಸ. ಡಂಕನ್ ಹೆಂಡತಿಯೊಂದಿಗೆ ಒಳಗೆ ಕಾಲಿಟ್ಟ. ಮುನಿಶಾಮಿ ಎದೆಯುಬ್ಬಿಸಿ ಕೂಗಿದ, "ಗೌಕ್ ಡಂಕನ್ ದೊರೆಗಳು."

ಡಂಕನ್ನನ ಮುಖ ಬೀಟ್ರೂಟಿನಂತಾಯಿತು. "ಇವನನ್ನು ಈಗಲೇ ಓಡಿಸಿ" ಎಂದ.

ದೊಡ್ಡ ದೊರೆ ಕೇಳಿದ, "ಯಾರಯ್ಯ ನಿನಗೆ ಈ ಮಾತು ಕಲಿಸಿದ್ದು?"

"ಇವರೇ ದೊರೆ. ದೊಡ್ಡವರ ಬಿರುದಂತೆ. ನನ್ನಂಥವನನ್ನೇ ದಿನಾ ಹಾಗೆ ಕರೆಯುತ್ತಾರೆ. ಅವರಿಗೆ ನಾನು ಮರ್ಯಾದೆ ಕಡಿಮೆ ಮಾಡಲಾದೀತೇ?"

ದೊಡ್ಡ ದೊರೆ ಹೊಟ್ಟೆ ಹಿಡಿದು ನಕ್ಕ. "ಬಿರುದು ತಕ್ಕವನಿಗೇ ಸೇರಿದೆ. ನೀನು ಎಲ್ಲಿಗೂ ಹೋಗಬೇಡ."

ಮರುದಿನ ಡಂಕನ್ ತಲೆ ತಗ್ಗಿಸಿಕೊಂಡೇ ಸೋಡಾ ಕೇಳಿದ. "ಮಿಸ್ಟರ್ ಮುನಿಶಾಮಿ, ದಯವಿಟ್ಟು."